ಮತಯಂತ್ರದಲ್ಲಿ ಕನ್ನಡ, ಕಚೇರಿಯಲ್ಲಿ?

ಕೇರಳ ವಿಧಾನಸಭೆಯ 140 ಕ್ಷೇತ್ರಗಳ ಪಟ್ಟಿಯಲ್ಲಿ ಮಂಜೇಶ್ವರದ್ದು ಒಂದನೇ ನಂಬ್ರ. ತಿರುವನಂತಪುರದಲ್ಲಿ ಕೂತು ನೋಡಿದರೆ ಮಾತ್ರ ಇದೇ ಕೊನೆಯ ಊರು. ಸುಮಾರು 600 ಕಿ.ಮೀ. ದೂರದ ಈ ಮೂಲೆಯ ನೆನಪು ರಾಜಧಾನಿಗೆ ಬರುವುದು ಮತ ಎಣಿಕೆಯ ದಿನ. ಆ ದಿನ ಮಾತ್ರ ಇಡೀ ರಾಜ್ಯದ ಕಣ್ಣು ತಲಪಾಡಿಯಿಂದ ಕುಂಬಳೆವರೆಗಿನ ಈ ತುಂಡು ಭೂಮಿಯ ಮೇಲೆ ನೆಟ್ಟಿರುತ್ತದೆ.

ಅದಕ್ಕೆ ಕಾರಣವೂ ಉಂಟು. 2016ರಲ್ಲಿ ಇಲ್ಲಿ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಪಡೆದದ್ದು 56,870 ಮತ, ಬಿಜೆಪಿಯ ಕೆ. ಸುರೇಂದ್ರನ್ ಪಡೆದದ್ದು 56,781. ಅಂತರ ಬರೇ 89. ಮದುವೆ ಮನೆಯಲ್ಲಿ ಒಂದು ಪಂಕ್ತಿಗೆ ಊಟಕ್ಕೆ ಕೂರುವಷ್ಟು ಜನ! ರಝಾಕ್ ಅವರ ನಿಧನದ ಬಳಿಕ 2019ರಲ್ಲಿ ನಡೆದ ಉಪಚುನಾವಣೆಯಲ್ಲಿ ಲೀಗಿನ ಎಂ.ಸಿ. ಕಮರುದ್ದೀನ್ 7,923 ಮತಗಳಿಂದ ಗೆದ್ದರು. 2021ರಲ್ಲಿ ಅದೇ ಪಕ್ಷದ ಎ.ಕೆ.ಎಂ. ಅಶ್ರಫ್ ಮತ್ತು ಸುರೇಂದ್ರನ್ ನಡುವಿನ ಅಂತರ ಮತ್ತೆ 745ಕ್ಕೆ ಇಳಿಯಿತು. ಎರಡು ಲಕ್ಷಕ್ಕೂ ಹೆಚ್ಚು ಮತದಾರರಿರುವ ಕ್ಷೇತ್ರದಲ್ಲಿ ಇಂತಹ ಲೆಕ್ಕ ಬರುವುದಾದರೆ ಒಂದೊಂದು ಮನೆಯ ಮತಕ್ಕೂ ಬೆಲೆ ಉಂಟು ಎಂದಾಯಿತು.

ಈ ಬೆಲೆ ರಾಜಕೀಯ ಪಕ್ಷಗಳಿಗೆ ಚೆನ್ನಾಗಿ ಗೊತ್ತು. ಚುನಾವಣೆ ಘೋಷಣೆಯಾದದ್ದೇ ತಡ, ಎಲ್ಲರ ಕರಪತ್ರವೂ ಕನ್ನಡದಲ್ಲಿ ಅಚ್ಚಾಗುತ್ತದೆ. ಮೈಕಿನ ವಾಹನ ಕನ್ನಡ, ತುಳು, ಬ್ಯಾರಿ, ಮಲಯಾಳಂ ಎಲ್ಲದರಲ್ಲೂ ಕೂಗುತ್ತದೆ. ಮತದಾರರ ಪಟ್ಟಿಯಲ್ಲಿ ಕನ್ನಡ, ಮತಯಂತ್ರದ ಮೇಲಿನ ಹಾಳೆಯಲ್ಲೂ ಕನ್ನಡ. ಸಪ್ತಭಾಷಾ ಸಂಗಮ ಭೂಮಿ ಎಂಬ ಹೊಗಳಿಕೆ ಪ್ರತಿ ವೇದಿಕೆಯಲ್ಲೂ ಕೇಳಿಬರುತ್ತದೆ. ಬೆರಳಿಗೆ ಹಚ್ಚಿದ ಶಾಯಿ ಮಾಸುವ ಮೊದಲೇ ಈ ಪ್ರೀತಿ ಮಾಸಿಹೋಗುವುದೇ ಗಡಿನಾಡ ಕನ್ನಡಿಗರ ಪಾಡು.

ವೋಟು ಹಾಕಿದ ಅದೇ ಮನುಷ್ಯ ನಾಳೆ ವಿಲ್ಲೇಜ್ ಆಫೀಸಿಗೆ ಹೋದರೆ ಅಲ್ಲಿ ಸಿಗುವ ಅರ್ಜಿ ಮಲಯಾಳಂನಲ್ಲಿ, ಬರುವ ನೋಟೀಸು ಮಲಯಾಳಂನಲ್ಲಿ ಎಂಬ ದೂರು ಇಂದು ನಿನ್ನೆಯದಲ್ಲ. ಅದನ್ನು ಓದಿ ಹೇಳಲು ಇನ್ನೊಬ್ಬರ ಕಾಲು ಹಿಡಿಯಬೇಕು. ಇದು ಯಾರೂ ಕೊಡಬೇಕಾದ ಔದಾರ್ಯದ ಪ್ರಶ್ನೆಯಲ್ಲ. 1969ರ ಕೇರಳ ರಾಜ್ಯ ಭಾಷಾ ಕಾನೂನಿನಲ್ಲೇ ಇದಕ್ಕೆ ಸ್ಪಷ್ಟ ಅವಕಾಶ ಉಂಟು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಹೆಚ್ಚಿರುವ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಬಹುದು. ಅದಕ್ಕೆ ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕಾನೂನು ಬಂದು ಅರ್ಧ ಶತಮಾನ ಕಳೆದರೂ "ಮಲಯಾಳಂನಲ್ಲಿ ಬರೆದು ತನ್ನಿ" ಎಂಬ ಮಾತು ಕಚೇರಿಗಳಲ್ಲಿ ನಿಂತಿಲ್ಲ.

ಹಿಂದೆ ಹೀಗಿರಲಿಲ್ಲವೇ ಎಂದು ಕೇಳುವವರಿದ್ದಾರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ನಡೆದ ಮೊದಲ ಚುನಾವಣೆಯಲ್ಲಿ, ಅಂದರೆ 1957ರಲ್ಲಿ, ಮಂಜೇಶ್ವರದಿಂದ ಪಕ್ಷೇತರರಾದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಅನಂತರ ಕೆ. ಮಹಾಬಲ ಭಂಡಾರಿ 1960, 1965 ಮತ್ತು 1967ರಲ್ಲಿ ಗೆದ್ದರು. 1965ರಲ್ಲಿ ಆಯ್ಕೆಯಾದ ಸಭೆ ಸೇರಲೇ ಇಲ್ಲ, ಆ ಮಾತು ಬೇರೆ. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿದಾಗ ಅದರೊಳಗೆ ಇಡೀ ಮಂಜೇಶ್ವರ ಕ್ಷೇತ್ರವೂ ಇತ್ತು. ಆ ಕಾಲದಲ್ಲಿ ಇಲ್ಲಿನ ಚುನಾವಣೆಗೆ ಭಾಷೆಯೇ ವಿಷಯ.

ಆಯೋಗದ ವರದಿ ಕಡತದಲ್ಲೇ ಉಳಿಯಿತು. 1970ರಿಂದ ಪಕ್ಷಗಳ ಕಾಲ ಬಂತು. ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪ, ಮತ್ತೆ ಎ. ಸುಬ್ಬರಾವ್, ಸುಬ್ಬರಾವ್ ನೀರಾವರಿ ಸಚಿವರೂ ಆದರು. 1987ರಿಂದ ಸತತ ನಾಲ್ಕು ಬಾರಿ ಲೀಗಿನ ಚೆರ್ಕಳಂ ಅಬ್ದುಲ್ಲ. 2006ರಲ್ಲಿ ಸಿಪಿಎಂನ ಸಿ.ಎಚ್. ಕುಂಞಂಬು. ಗೆದ್ದವರು ಬದಲಾದರು, ಬಾವುಟ ಬದಲಾಯಿತು. ಕನ್ನಡದ ಬೇಡಿಕೆಯ ಪಟ್ಟಿ ಮಾತ್ರ ಹಾಗೆಯೇ ಉಳಿಯಿತು.

ಯಾಕೆ ಹೀಗಾಯಿತು? ಉತ್ತರ ಇಲ್ಲಿನ ತ್ರಿಕೋನ ಸ್ಪರ್ಧೆಯಲ್ಲೇ ಉಂಟು. ಐಕ್ಯರಂಗ, ಬಿಜೆಪಿ, ಎಡರಂಗ ಮೂವರಿಗೂ ಇಲ್ಲಿ ಬಲ ಇದೆ. 2016ರಲ್ಲಿ ಮೂರನೇ ಸ್ಥಾನಕ್ಕೆ ಹೋದ ಎಡರಂಗಕ್ಕೂ 42 ಸಾವಿರಕ್ಕಿಂತ ಹೆಚ್ಚು ಮತ ಬಿದ್ದಿತ್ತು. ಕನ್ನಡ ಮಾತನಾಡುವವರು ಮೂರೂ ಕಡೆ ಹಂಚಿಹೋಗಿದ್ದಾರೆ. ಎಣಿಕೆ ಇಷ್ಟು ಬಿಗಿಯಾದಾಗ ಜನ ಯಾರನ್ನು ಗೆಲ್ಲಿಸಬೇಕು ಎಂದು ಯೋಚಿಸುವುದಕ್ಕಿಂತ ಯಾರನ್ನು ಸೋಲಿಸಬೇಕು ಎಂದೇ ಬೂತಿಗೆ ಹೋಗುತ್ತಾರೆ. "ಅವರು ಬಂದರೆ ಕಷ್ಟ ಮಾರಾಯ್ರೆ, ಈ ಸರ್ತಿ ಇವರಿಗೇ ಹಾಕುವಾ" ಎಂಬ ಮಾತು ಉಪ್ಪಳದಲ್ಲೂ ಕೇಳುತ್ತದೆ, ಪೆರ್ಲದಲ್ಲೂ ಕೇಳುತ್ತದೆ. ಒಬ್ಬರನ್ನು ಸೋಲಿಸುವುದೇ ಗುರಿಯಾದ ಚುನಾವಣೆಯಲ್ಲಿ ಗೆದ್ದವರಿಂದ ಲೆಕ್ಕ ಕೇಳುವವರು ಯಾರು? ಹೆದರಿಕೆಯಿಂದಲೇ ಮತ ಬೀಳುವುದಾದರೆ ಕೆಲಸ ಮಾಡಿ ಮತ ಕೇಳುವ ಅಗತ್ಯವಾದರೂ ಏನು?

ಇನ್ನೊಂದು ನೆಪವೂ ಚಾಲ್ತಿಯಲ್ಲಿತ್ತು. 2016ರಲ್ಲೂ 2021ರಲ್ಲೂ ರಾಜ್ಯದಲ್ಲಿ ಎಡರಂಗದ ಸರಕಾರ, ಮಂಜೇಶ್ವರದಲ್ಲಿ ಪ್ರತಿಪಕ್ಷದ ಶಾಸಕ. ಸರಕಾರ ನಮ್ಮದಲ್ಲ ಎಂದು ಶಾಸಕರ ಕಡೆಯವರು, ಶಾಸಕ ನಮ್ಮವರಲ್ಲ ಎಂದು ಸರಕಾರದ ಕಡೆಯವರು. ಆದರೆ 2006ರಿಂದ 2011ರವರೆಗೆ ಶಾಸಕರೂ ಸರಕಾರವೂ ಎಡರಂಗದ್ದೇ. 2011ರಿಂದ 2016ರವರೆಗೆ ಎರಡೂ ಐಕ್ಯರಂಗದ್ದೇ. ಆಗಲೂ ಕಚೇರಿಯ ಅರ್ಜಿ ಬದಲಾಗಲಿಲ್ಲವೆಂದ ಮೇಲೆ ಈ ನೆಪ ಸುಳ್ಳೆಂದು ತಿಳಿಯಲು ದೊಡ್ಡ ಬುದ್ಧಿ ಬೇಡ.

ಪೆಟ್ಟು ಬೀಳುತ್ತಿರುವುದು ಮಕ್ಕಳಿಗೆ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರ ನೇಮಕ, ಅದಕ್ಕೆ ಪ್ರತಿಭಟನೆ, ಮತ್ತೆ ಭರವಸೆ ಎಂಬ ಸುತ್ತು ಈ ಜಿಲ್ಲೆಗೆ ಹೊಸತಲ್ಲ. 2018ರಲ್ಲಿ ಬಂದ "ಸರ್ಕಾರಿ ಹಿ.ಪ್ರಾ. ಶಾಲೆ, ಕಾಸರಗೋಡು" ಸಿನಿಮಾ ಇದನ್ನೇ ಹೇಳಿ ಕರ್ನಾಟಕದ ಜನರನ್ನು ನಗಿಸಿತು. ಪಾಠ ಅರ್ಥವಾಗದೆ ಬೆಂಚಿನಲ್ಲಿ ಕೂತ ಮಗುವಿಗೆ ಅದು ನಗುವ ವಿಷಯ ಅಲ್ಲ. 2017ರಲ್ಲಿ ಮಲಯಾಳಂ ಕಲಿಕೆ ಕಡ್ಡಾಯ ಕಾನೂನು ಬಂದಾಗ ಕಾಸರಗೋಡಿನಲ್ಲಿ ಹೋರಾಟ ನಡೆಯಿತು. 2025ರ ಅಕ್ಟೋಬರಿನಲ್ಲಿ ವಿಧಾನಸಭೆ ಮಲಯಾಳಂ ಭಾಷಾ ಮಸೂದೆಯನ್ನು ಅಂಗೀಕರಿಸಿದಾಗ ಮತ್ತೆ ಆತಂಕ. 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯ ಪತ್ರ ಬರೆದರು. ಅಲ್ಪಸಂಖ್ಯಾತರ ಹಕ್ಕಿಗೆ ಮಸೂದೆಯಲ್ಲೇ ರಕ್ಷಣೆ ಇದೆ ಎಂದು ಕೇರಳ ಸರಕಾರ ಉತ್ತರಿಸಿತು. ಕಾಗದದ ಮೇಲಿನ ರಕ್ಷಣೆಯ ಅನುಭವ 1969ರಿಂದಲೂ ಇದ್ದವರಿಗೆ ಇನ್ನೊಂದು ಕಾಗದದಿಂದ ಸಮಾಧಾನವಾಗದಿದ್ದರೆ ಅದು ಅವರ ತಪ್ಪಲ್ಲ.

ಮಲಯಾಳಂ ಯಾರಿಗೂ ಶತ್ರುವಲ್ಲ. ಇಲ್ಲಿ ಬದುಕುವ ಮಕ್ಕಳು ಅದನ್ನು ಕಲಿಯಲಿ, ಕಲಿತರೆ ಉದ್ಯೋಗಕ್ಕೂ ಒಳ್ಳೆಯದು. ಕನ್ನಡವೂ ಒಂದು ಜಾತಿಯ, ಒಂದು ಮತದ ಸೊತ್ತಲ್ಲ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ ಮಾತನಾಡುವವರೂ ಶಾಲೆಯಲ್ಲಿ ಓದಿದ್ದು ಕನ್ನಡವನ್ನೇ. ಚುನಾವಣೆಯ ಹೊತ್ತಿಗೆ ಇದನ್ನು ಮರೆಸಿ ಜನರನ್ನು ಮತದ ಗೋಡೆಯ ಆಚೆ ಈಚೆ ನಿಲ್ಲಿಸಿದಾಗ ಮೊದಲು ಬಡವಾಗುವುದು ಈ ಸಮಾನ ಭಾಷೆ.

ಹಾಗಾದರೆ ಮಾಡಬೇಕಾದದ್ದೇನು? ಅಶ್ರಫ್ 2021ರಲ್ಲಿ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದಾಗ ಗಡಿನಾಡು ಸಂತೋಷಪಟ್ಟಿತು. ಸಂತೋಷಪಡಬೇಕಾದ್ದೇ. ಆದರೆ ಪ್ರಮಾಣವಚನ ಒಂದು ನಿಮಿಷದ್ದು, ಅಧಿಕಾರಾವಧಿ ಐದು ವರ್ಷದ್ದು. ಗೆದ್ದವರು ಯಾವ ಪಕ್ಷದವರೇ ಆಗಲಿ, ನಾಲ್ಕು ವಿಷಯಕ್ಕೆ ಲಿಖಿತ ಉತ್ತರ ಕೊಡಲಿ. ಕ್ಷೇತ್ರದ ಕನ್ನಡ ಶಾಲೆಗಳಲ್ಲಿ ಖಾಲಿ ಇರುವ ಹುದ್ದೆ ಎಷ್ಟು, ಭರ್ತಿ ಯಾವಾಗ? ಕನ್ನಡ ಮಾಧ್ಯಮದ ಹುದ್ದೆಗೆ ಬರುವವರ ಕನ್ನಡವನ್ನು ನೇಮಕಕ್ಕೆ ಮೊದಲೇ ಪರೀಕ್ಷಿಸುವ ವ್ಯವಸ್ಥೆ ಏನು? ಕನ್ನಡ ಮತ್ತು ಮಲಯಾಳಂ ಬಲ್ಲ ಗುಮಾಸ್ತರ ಹುದ್ದೆಗಳಲ್ಲಿ ಎಷ್ಟು ಜನ ಈ ಕ್ಷೇತ್ರದ ಕಚೇರಿಗಳಲ್ಲೇ ಕೂತಿದ್ದಾರೆ? ಎಂಟು ಪಂಚಾಯತುಗಳಲ್ಲಿ ಕನ್ನಡ ಅರ್ಜಿ ಸಿಗುವುದು ಯಾವ ತಾರೀಕಿನಿಂದ? ಈ ಪ್ರಶ್ನೆಗಳಿಗೆ ವರ್ಷಕ್ಕೊಮ್ಮೆ, ಕನ್ನಡದಲ್ಲೇ, ಜನರ ಮುಂದೆ ಉತ್ತರ ಬರಬೇಕು.

ಕನ್ನಡಿಗರ ಪಾಲಿನ ಕೆಲಸವೂ ಉಂಟು. ವೇದಿಕೆಯಲ್ಲಿ ಕನ್ನಡಕ್ಕಾಗಿ ಕಣ್ಣೀರು ಹಾಕಿ ಮಕ್ಕಳನ್ನು ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸಿದರೆ ಹುದ್ದೆ ಉಳಿಯುವುದಿಲ್ಲ. ಮಕ್ಕಳಿಲ್ಲ ಎಂಬ ಒಂದೇ ಸಾಲಿನಲ್ಲಿ ಕಡತ ಮುಚ್ಚಿಹೋಗುತ್ತದೆ. ಕಾನೂನು ಇದ್ದೂ ಕನ್ನಡದಲ್ಲಿ ಅರ್ಜಿ ಬರೆಯದಿದ್ದರೆ ಬೇಡಿಕೆಯೇ ಇಲ್ಲ ಎಂದು ಅಧಿಕಾರಿ ಬರೆದುಕೊಳ್ಳುತ್ತಾರೆ. ಕೆಲಸ ನಿಧಾನವಾದರೂ ಸರಿ, ಅರ್ಜಿ ಕನ್ನಡದಲ್ಲೇ ಹೋಗಲಿ, ರಶೀದಿ ಕೇಳಿ ಪಡೆಯಲಿ, ಉತ್ತರ ಕನ್ನಡದಲ್ಲಿ ಬಾರದಿದ್ದರೆ ಅದನ್ನೇ ಹಿಡಿದು ಶಾಸಕರ ಬಾಗಿಲು ತಟ್ಟಲಿ.

89 ಮತ ಒಬ್ಬ ಶಾಸಕನನ್ನು ತಿರುವನಂತಪುರಕ್ಕೆ ಕಳುಹಿಸಬಲ್ಲುದಾದರೆ, ಮೂರು ಪಕ್ಷಗಳಲ್ಲಿ ಹಂಚಿಹೋದ ಸಾವಿರಾರು ಕನ್ನಡ ಮತದಾರರು ತಂತಮ್ಮ ಪಕ್ಷದ ಒಳಗೆ ನಿಂತೇ ಒಂದು ಮಾತು ಹೇಳಿದರೆ ಯಾವ ಪಕ್ಷವೂ ಕೇಳದೆ ಇರಲಾರದು. ಪಕ್ಷ ಬಿಡಬೇಕೆಂದೇನೂ ಇಲ್ಲ. ಮತ ಕೇಳಲು ಬಂದವರಿಗೆ ಕುಡಿಯಲು ನೀರು, ಬೆಲ್ಲ ಕೊಡುವ ಜೊತೆಗೆ ಕನ್ನಡ ಶಾಲೆಯ ಮಾಸ್ಟ್ರು ಯಾವಾಗ ಬರುತ್ತಾರೆ ಎಂದು ಕೇಳಿದರೆ ಸಾಕು.