ಪ್ಯಾಟ್ರಿಕ್ ಹೆನ್ರಿಯ ಉಯಿಲು

ಭಾಷಣ ಸ್ಪರ್ಧೆ ಬಂತೆಂದರೆ ನಮ್ಮ ಶಾಲೆಯಲ್ಲಿ ಯಾರಾದರೊಬ್ಬ ಹುಡುಗ ಎದೆಯುಬ್ಬಿಸಿ ಪ್ಯಾಟ್ರಿಕ್ ಹೆನ್ರಿಯ ಮಾತನ್ನು ಹೇಳಿಯೇ ಹೇಳುತ್ತಾನೆ. ಸ್ವಾತಂತ್ರ್ಯ ಕೊಡಿ, ಇಲ್ಲವೇ ಸಾವು ಕೊಡಿ! ಎಷ್ಟೋ ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸಿದವಳು ನಾನೇ. ಹಾಗಾಗಿ ಈ ಜಗಳ ಮೊದಲು ನನ್ನ ಜೊತೆಗೇ.

1775ರ ಮಾರ್ಚ್ 23ರಂದು ಅಮೆರಿಕದ ವರ್ಜೀನಿಯಾದಲ್ಲಿ, ರಿಚ್‌ಮಂಡ್ ಊರಿನ ಚರ್ಚೊಂದರಲ್ಲಿ ಆಡಿದ್ದೆನ್ನುವ ಮಾತದು. ಆ ಭಾಷಣ ಅಚ್ಚಾದದ್ದು 1817ರಲ್ಲಿ, ಹೆನ್ರಿ ಸತ್ತು 18 ವರ್ಷದ ಮೇಲೆ. ಇರಲಿ, ಮಾತು ಅವನದೇ ಎಂದುಕೊಳ್ಳೋಣ. ನಾನು ಕೇಳುವುದು ಅವನ ಮನೆಯೊಳಗಿನ ಸುದ್ದಿ.

ಅಂಗಡಿ ಇಟ್ಟು ಸೋತ, ಬೇಸಾಯ ಮಾಡಿ ಸೋತ, ಕೊನೆಗೆ 1760ರಲ್ಲಿ ವಕೀಲನಾಗಿ ಗೆದ್ದ. 1754ರಲ್ಲಿ ಸಾರಾ ಶೆಲ್ಟನ್‌ಳನ್ನು ಕೈಹಿಡಿದಾಗ ಮಾವನ ಮನೆಯಿಂದ ಬಂದದ್ದು 300 ಎಕರೆ ಜಮೀನು, ಆರು ಜನ ಗುಲಾಮರು. ನಮ್ಮಲ್ಲಿ ಹುಡುಗಿಯ ಜೊತೆ ಪಾತ್ರೆಪಗಡ ಕಳಿಸುತ್ತಾರಲ್ಲ, ಹಾಗೆ ಮನುಷ್ಯರನ್ನು ಕಳಿಸಿದರು!

ಆರು ಮಕ್ಕಳನ್ನು ಹೆತ್ತ ಸಾರಾಳಿಗೆ ಆಮೇಲೆ ಚಿತ್ತಸ್ವಾಸ್ಥ್ಯ ಕೆಟ್ಟಿತು. ಅವಳನ್ನು ಸ್ಕಾಚ್‌ಟೌನ್ ಮನೆಯ ನೆಲಮಾಳಿಗೆಯ ಕೋಣೆಯಲ್ಲಿ ಇಟ್ಟಿದ್ದರಂತೆ. ಇದಕ್ಕೆ ಮಾತ್ರ ನಾನು ಅವನನ್ನು ಬೈಯಲಾರೆ. 1773ರಲ್ಲಿ ವಿಲಿಯಮ್ಸ್‌ಬರ್ಗಿನಲ್ಲಿ ತೆರೆದ ಹುಚ್ಚಾಸ್ಪತ್ರೆಯಲ್ಲಿ ರೋಗಿಗಳಿಗೆ ಸರಪಳಿ ಬಿಗಿಯುತ್ತಿದ್ದರು. ಅಲ್ಲಿಗೆ ಅಟ್ಟದೆ ಮನೆಯಲ್ಲೇ ಇಟ್ಟುಕೊಂಡನಲ್ಲ. 1775ರ ಆರಂಭದಲ್ಲಿ ಅವಳು ತೀರಿಕೊಂಡಳು. ಅವನ ಆ ದೊಡ್ಡ ಭಾಷಣಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ.

"ಆ ಕಾಲವೇ ಹಾಗಿತ್ತು ಬಿಡಿ ಮೇಡಂ, ಈಗಿನ ಕಣ್ಣಿನಿಂದ ನೋಡಬಾರದು" ಎನ್ನುತ್ತಾರೆ ನಮ್ಮ ಸ್ಟಾಫ್ ರೂಮಿನ ಮೇಷ್ಟ್ರೊಬ್ಬರು. ಸರಿ, ಅವನ ಕಣ್ಣಿನಿಂದಲೇ ನೋಡೋಣ. 1773ರ ಜನವರಿಯಲ್ಲಿ ಕ್ವೇಕರ್ ಪಂಥದವರೊಬ್ಬರಿಗೆ ಅವನೇ ಕಾಗದ ಬರೆದಿದ್ದಾನೆ. ಗುಲಾಮಗಿರಿ ಅನ್ಯಾಯ, ಆದರೂ ನಾನು ದುಡ್ಡು ಕೊಟ್ಟು ತಂದ ಗುಲಾಮರ ಯಜಮಾನ, ಅವರಿಲ್ಲದೆ ಇಲ್ಲಿ ಬದುಕುವುದು ಅನನುಕೂಲ, ಇದನ್ನು ಸಮರ್ಥಿಸಲಾರೆ. ಇದು ಆ ಕಾಗದದ ತಾತ್ಪರ್ಯ. ಅಂದರೆ ಗೊತ್ತಿತ್ತು! ಗೊತ್ತಿದ್ದೂ ಬಿಡಲಿಲ್ಲ. ಯಾವುದಕ್ಕಾಗಿ? ಅನುಕೂಲಕ್ಕಾಗಿ. ಮನೆಗೆಲಸದವಳಿಗೆ ಒಂದು ದಿನ ರಜ ಕೊಡಲು ತಕರಾರು ತೆಗೆಯುವ ನಮಗೂ ಈ ಪದ ಚೆನ್ನಾಗಿ ಗೊತ್ತು. ಆದರೆ ನಾವು ಯಾರೂ ಸ್ವಾತಂತ್ರ್ಯದ ಮಾತಾಡಿ ಪಠ್ಯಪುಸ್ತಕ ಸೇರಿದವರಲ್ಲ.

1799ರಲ್ಲಿ ಸಾಯುವಾಗ ಅವನ ಬಳಿ 67 ಗುಲಾಮರಿದ್ದರು. ವರ್ಜೀನಿಯಾದ ಮೊದಲ ಗವರ್ನರ್ ಆಗಿದ್ದವನು, ತೋಟಗಳ ಒಡೆಯ. ಉಯಿಲಿನಲ್ಲಿ ಎರಡನೇ ಹೆಂಡತಿ ಡೊರೊಥಿಯಾಳಿಗೆ ಬರೆದದ್ದು ಕೇಳಿ: ಬೇಕೆಂದರೆ ಒಬ್ಬಿಬ್ಬರು ಗುಲಾಮರನ್ನು ಬಿಡುಗಡೆ ಮಾಡಬಹುದು. ಅರವತ್ತೇಳರಲ್ಲಿ ಒಬ್ಬಿಬ್ಬರು! ಇನ್ನೊಂದು ಷರತ್ತೂ ಉಂಟು. ಅವಳು ಮರುಮದುವೆಯಾದರೆ ಅವಳಿಗೆ ಬರೆದದ್ದೆಲ್ಲ ರದ್ದು, ಕಾನೂನು ಕೊಡಿಸುವಷ್ಟೇ ಅವಳ ಪಾಲು. ವಕೀಲನ ಕೈಬರಹ ನೋಡಿ, ಎಲ್ಲೂ ಸಂದು ಬಿಟ್ಟಿಲ್ಲ. ಅವನ ಹನ್ನೊಂದು ಮಕ್ಕಳನ್ನು ಹೆತ್ತವಳಿಗೆ ಸಿಕ್ಕಿದ ಸ್ವಾತಂತ್ರ್ಯ ಇಷ್ಟು.

ಡೊರೊಥಿಯಾ ಮರುಮದುವೆಯಾದಳು, ಗಂಡನ ಬಂಧುವೇ ಆದ ನ್ಯಾಯಾಧೀಶ ಎಡ್ಮಂಡ್ ವಿನ್‌ಸ್ಟನ್‌ನನ್ನು. ಮುಂದಿನ ಸ್ಪರ್ಧೆಗೆ ಯಾರಾದರೂ ಹುಡುಗಿ ನನ್ನಲ್ಲಿ ಭಾಷಣ ಕೇಳಿ ಬಂದರೆ ಅವಳ ಕತೆಯನ್ನೇ ಬರೆದುಕೊಡುತ್ತೇನೆ.