ಹೆಸರು ಬದಲಾಯಿತು, ಬಣ್ಣದ ವ್ಯಾಪಾರ ನಿಂತಿತೇ?

ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಆಂಧ್ರದ ಹಿಂದೂಪುರ, ಕಲ್ಯಾಣದುರ್ಗದ ಕಡೆ ಹೋದವರಿಗೆ ಅಲ್ಲಿನ ಬಿಸಿಲು ಗೊತ್ತು. ಶೇಂಗಾ ಹೊಲದಲ್ಲಿ ದುಡಿದು ಮೈ ಕಪ್ಪಾದ ಜನ ಸಂಜೆ ಟಿವಿ ಹಾಕಿದರೆ, ಕನ್ನಡ ಚಾನೆಲ್ ಇರಲಿ, ತೆಲುಗು ಇರಲಿ, ಸೋಪು, ಸೀರೆ, ಚಿನ್ನದ ಜಾಹೀರಾತಿನಲ್ಲಿ ತಮ್ಮಂಥ ಮುಖ ಕಾಣುವುದು ಅಪರೂಪ. ನಮ್ಮ ಕರಾವಳಿಯ ಕಥೆಯೂ ಬೇರೇನಲ್ಲ.

1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಆಂಡ್ ಲವ್ಲಿಯ ಜಾಹೀರಾತುಗಳು ದಶಕಗಳ ಕಾಲ ಹೇಳಿದ್ದು ಒಂದೇ ಮಾತು: ಕಪ್ಪಗಿದ್ದರೆ ಕೆಲಸವೂ ಸಿಗಲ್ಲ, ಗಂಡೂ ಸಿಗಲ್ಲ, ಬೆಳ್ಳಗಾದರೆ ಎರಡೂ ಸಿಗುತ್ತೆ. 2005ರಲ್ಲಿ ಗಂಡಸರಿಗಾಗಿ ಫೇರ್ ಆಂಡ್ ಹ್ಯಾಂಡ್‌ಸಮ್ ಬಂತು. 2020ರಲ್ಲಿ ಅಮೆರಿಕದ ಜಾರ್ಜ್ ಫ್ಲಾಯ್ಡ್ ಹತ್ಯೆಯ ಬಳಿಕ ವರ್ಣಭೇದದ ವಿರುದ್ಧ ಜಗತ್ತಿನಾದ್ಯಂತ ದನಿ ಎದ್ದಾಗ ಹಿಂದೂಸ್ತಾನ್ ಯೂನಿಲಿವರ್ 'ಫೇರ್' ಪದ ಕೈಬಿಟ್ಟು 'ಗ್ಲೋ ಆಂಡ್ ಲವ್ಲಿ' ಎಂದಿತು. ಒಂದು ಪದ ಹೋಗಲು 45 ವರ್ಷ ಬೇಕಾಯಿತು.

ನಿಯಮ ಇರಲಿಲ್ಲವೇ? ಇತ್ತು. ಜನಾಂಗ, ಜಾತಿ, ಬಣ್ಣವನ್ನು ಹೀಯಾಳಿಸುವ ಜಾಹೀರಾತು ಟಿವಿಯಲ್ಲಿ ಬರಬಾರದೆಂದು 1994ರ ಕೇಬಲ್ ಟಿವಿ ನಿಯಮಗಳೇ ಹೇಳುತ್ತವೆ. ಕಪ್ಪು ಬಣ್ಣದವರನ್ನು ಅಂದವಿಲ್ಲದವರು, ದುಃಖಿಗಳು ಎಂದು ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಹೇಳಿತು. ಆದರೆ ಅದು ಉದ್ಯಮವೇ ಕಟ್ಟಿಕೊಂಡ ಮಂಡಳಿ, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಪ್ರಚಾರ ಮಾಡುವ ನಟ-ನಟಿಯರೂ ಇದರ ವ್ಯಾಪ್ತಿಗೆ ಬರುತ್ತಾರೆ.

ಇದು ಬರೀ ಅವಮಾನದ ವಿಷಯವಲ್ಲ, ಜೀವದ ಪ್ರಶ್ನೆಯೂ ಹೌದು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಒಂದೇ ಬಗೆಯ ಕಿಡ್ನಿ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗೆ ಇದ್ದದ್ದು ಅಪರೂಪದ ವಿಧ. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಹಚ್ಚಿದವರು. ಕಾರಣವೆಂದು ವೈದ್ಯರು ಬೊಟ್ಟು ಮಾಡಿದ್ದು ಪಾದರಸದ ಕಡೆಗೆ. ಬಣ್ಣದ ಕೀಳರಿಮೆಯನ್ನು ದೊಡ್ಡ ಜಾಹೀರಾತುಗಳು ಬಿತ್ತಿದವು. ಹೆಸರಿಲ್ಲದ ಡಬ್ಬಿಗಳು ಅದರ ಫಸಲು ಕೊಯ್ಯುತ್ತಿವೆ.

ಹಾಗಂತ ಎಲ್ಲ ತಪ್ಪನ್ನೂ ಕಂಪನಿಗಳ ತಲೆಗೆ ಕಟ್ಟಿ ಕೈತೊಳೆಯುವ ಹಾಗಿಲ್ಲ. ಈ ಪೂರ್ವಗ್ರಹವನ್ನು ಜಾಹೀರಾತು ಹುಟ್ಟುಹಾಕಲಿಲ್ಲ, ಬಂಡವಾಳ ಮಾಡಿಕೊಂಡಿತು ಅಷ್ಟೇ. ಹೆಣ್ಣು ನೋಡಲು ಹೋಗುವಾಗ 'ಹುಡುಗಿ ಬಿಳಿ ಇದ್ದಾಳಾ?' ಅಂತ ಮೊದಲು ಕೇಳುವವರು ನಾವೇ ಅಲ್ವಾ? ಬಿಳಿಯನಿಗೆ ಕರಿಯನ ಮೇಲೆ ಮೇಲ್ಮೆಯಿಲ್ಲ ಎಂದು ನಂಬುವ ಸಮುದಾಯದಲ್ಲಿ ಈ ಪ್ರಶ್ನೆಗೆ ಜಾಗವೆಲ್ಲಿ?

ಯುವಕ-ಯುವತಿಯರು ಮಾಡಬಹುದಾದ ಕೆಲಸ ಇದೆ. ತಯಾರಕರ ಹೆಸರು, ವಿಳಾಸ ಇಲ್ಲದ ಕ್ರೀಮ್ ಖರೀದಿಸಬೇಡಿ, ಗಲ್ಫ್‌ನಿಂದ ತರಿಸಬೇಡಿ. ಸುಳ್ಳು ಭರವಸೆಯ ಜಾಹೀರಾತು ಕಂಡರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಮನೆಯ ಹೆಣ್ಣುಮಗುವಿನ ಬಣ್ಣದ ಬಗ್ಗೆ ಯಾರಾದರೂ ಮಾತೆತ್ತಿದರೆ, ಸುಮ್ಮನಿರದೆ ಅಲ್ಲೇ ತಡೆಯಿರಿ.