ಬಣ್ಣಕ್ಕೆ ಮರುಳಾಗುವ ಗಿರಾಕಿ

ಹಾನಗಲ್ಲ ಸೀಮೆಯ ಆಪೂಸು ಮಾವಿನ ಹೆಸರನ್ನು ಕೆಡಿಸುವವರು ವಂಚಕ ವ್ಯಾಪಾರಿಗಳು ಮಾತ್ರವೇ? ಶಿಗ್ಗಾಂವಿ, ಸವಣೂರ, ಹಿರೇಕೆರೂರಗಳ ಸಂತೆಯಲ್ಲಿ ಹಣ್ಣನ್ನು ಮೂಸದೆ, ಬರಿಯ ಬಣ್ಣ ನೋಡಿ ಕೊಳ್ಳುವ ನಾವೂ ಅದಕ್ಕೆ ಹೊಣೆಗಾರರು.

ಬಲಿಯದ ಕಾಯಿಗೆ ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟರೆ ಸಿಪ್ಪೆ ಹಳದಿಯಾಗುವದು. ಒಳಗಿನ ಹುಳಿ ಹೋಗದು. ಆ ಪುಡಿಯಲ್ಲಿ ಆರ್ಸೆನಿಕ್ ವಿಷದ ಅಂಶವೂ ಇರಬಹುದು. ಆದ್ದರಿಂದಲೇ 2011ರ ಆಹಾರ ಸುರಕ್ಷತಾ ನಿಯಮಾವಳಿ ಅದನ್ನು ನಿಷೇಧಿಸಿದೆ.

ಹುಲ್ಲಿನಲ್ಲಿ ಅಡಿ ಹಾಕಿದ ಹಣ್ಣಿನ ಬಣ್ಣ ಒಂದೇ ಸಮನಾಗಿರದು. ಆದರೆ ತೊಟ್ಟಿನ ಬಳಿ ಮೂಸಿದರೆ ಕಂಪು ತಿಳಿಯುವದು. ಬುಟ್ಟಿಯ ತಳವನ್ನೂ ನೋಡಿರಿ. ತೂಕದ ಕಲ್ಲಿಗೆ ಸರಕಾರಿ ಮುದ್ರೆ ಇದೆಯೇ ಎಂದು ಕೇಳಲು ಸಂಕೋಚವೇಕೆ?

ವಿದ್ಯಾರ್ಥಿ ಮಿತ್ರರೇ, ನಮ್ಮಲ್ಲಿ ಹಲವರು ರೈತರ ಮಕ್ಕಳು. ಗಿರಾಕಿಗಳು ಬಣ್ಣವನ್ನೇ ಬೇಡಿದರೆ, ತಾಳ್ಮೆಯಿಂದ ಹಣ್ಣು ಮಾಡಿದ ಪ್ರಾಮಾಣಿಕ ರೈತನ ಬುಟ್ಟಿ ಮಾರದೆ ಮನೆಗೆ ಮರಳುವದು.